ಕೆರೆ ಏರಿಯ ಜಲ್ಲಿ ದಾರಿಗೆ 40 ಮಿ.ಮೀ. ಟ್ಯೂಬ್‌ಲೆಸ್ ಟೈರ್

ಸಮತಟ್ಟಾದ ನದಿ ಬಯಲಿನಲ್ಲಿ ಸೈಕಲ್ ಮೇಲೆ ಕೆರೆ ಸುತ್ತುವವರಿಗೆ ದಿಣ್ಣೆಯ ಕಾಟವಿಲ್ಲ, ಎದುರುಗಾಳಿಯೇ ದಿಣ್ಣೆ. ಹಾಗಾಗಿ ನಡುವೆ ನುಣುಪು, ಅಂಚಿನಲ್ಲಿ ಉಬ್ಬುಗಳಿರುವ ಟೈರೇ ಸರಿ: ಗಟ್ಟಿ ಜಲ್ಲಿಯಲ್ಲಿ ಹಗುರವಾಗಿ ಉರುಳುತ್ತದೆ, ತಿರುವಿನ ಸಡಿಲ ಜಲ್ಲಿಯಲ್ಲೂ ಸಾಕಷ್ಟು ಹಿಡಿತವಿದೆ.

70 ಕೆ.ಜಿ. ತೂಕದವರು ಗಾಳಿಯ ಒತ್ತಡವನ್ನು ಮುಂದೆ 30, ಹಿಂದೆ 33 ಪಿಎಸ್‌ಐನಿಂದ ಶುರುಮಾಡಿ. ಕೈ ಜುಮುಗುಟ್ಟಿದರೆ ಎರಡು ಇಳಿಸಿ, ರಿಮ್ ಕಲ್ಲಿಗೆ ಬಡಿದರೆ ಎರಡು ಏರಿಸಿ. ಚಕ್ರಕ್ಕೆ ಸುಮಾರು 60 ಮಿ.ಲೀ. ಸೀಲೆಂಟ್ (ತೂತು ಮುಚ್ಚುವ ದ್ರವ) ಹಾಕಿ, ಕೆಲವು ತಿಂಗಳಲ್ಲಿ ಅದು ಒಣಗುತ್ತದೆ, ಆಮೇಲೆ ಸಣ್ಣ ಮುಳ್ಳು ಚುಚ್ಚಿದರೂ ಗಾಳಿ ನಿಲ್ಲದು.

ಈ ಟೈರ್ ಸೋಲುವುದು ಮಳೆಯ ಮರುದಿನ. ಏರಿಯ ಜೇಡಿಮಣ್ಣು ಟೈರಿಗೂ ಮುಂಚಕ್ರ ಹಿಡಿಯುವ ಫೋರ್ಕಿಗೂ ನಡುವೆ ಮೆತ್ತಿಕೊಂಡು ಚಕ್ರವೇ ನಿಂತುಬಿಡುತ್ತದೆ. ಎರಡೂ ಬದಿ ಕನಿಷ್ಠ 6 ಮಿ.ಮೀ. ಸಂದು ಸಿಗದ ಫ್ರೇಮಿಗೆ ಇದಕ್ಕಿಂತ ಕಡಿಮೆ ಅಗಲದ ಟೈರನ್ನೇ ಹಾಕಿ. ಒದ್ದೆ ಹುಲ್ಲಿನ ಮೇಲೂ ಅಷ್ಟೇ, ಜಾರುತ್ತದೆ.