ಸಂಜೆ ತರಗತಿಯ ಭೂತಕಾಲ: ಪಾಠಕ್ಕೆ ಒಪ್ಪಿಗೆ, ನೋಟ್ಸಿಗೆ ತಕರಾರು

ರಾಯಚೂರಿನ ಸ್ಟೇಷನ್ ರಸ್ತೆಯ ಕಡೆ ಸಂಜೆ ಹೊತ್ತು ನಡೆಯುವ ಸ್ಪೋಕನ್ ಇಂಗ್ಲಿಷ್ ತರಗತಿಯೊಂದರಲ್ಲಿ ಸಾಮಾನ್ಯ ಭೂತಕಾಲದ ಪಾಠಗಳಿಗೆ ಕುಳಿತಿದ್ದೆ. ಮಾನ್ವಿ, ದೇವದುರ್ಗದ ಕಡೆಯಿಂದ ಬಂದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ, ಕನ್ನಡ ಮಾಧ್ಯಮದಲ್ಲಿ ಕಲಿತವರೇ ಇಲ್ಲಿ ಹೆಚ್ಚು.

ನಿಷೇಧ ವಾಕ್ಯಗಳನ್ನು ಕಲಿಸುವ ಬಗೆಯೇ ಈ ತರಗತಿಯ ದೊಡ್ಡ ಬಲ. ‘ಐ ಡಿಡ್ ನಾಟ್ ವೆಂಟ್’ ಎಂಬ ತಪ್ಪು ಪದವೀಧರರ ಬಾಯಲ್ಲೂ ಕೇಳಿಬರುತ್ತದೆ. ಶಿಕ್ಷಕರು ಸೂತ್ರವನ್ನು ಬರೆಸುವ ಬದಲು ಕನ್ನಡವನ್ನೇ ಸಾಕ್ಷಿಗೆ ಕರೆಯುತ್ತಾರೆ: ‘ಹೋದೆ’ ಎನ್ನುವ ನಾವು ನಿಷೇಧಕ್ಕೆ ಬಂದಾಗ ‘ಹೋಗಲಿಲ್ಲ’ ಎನ್ನುತ್ತೇವೆಯೇ ಹೊರತು ‘ಹೋದಲಿಲ್ಲ’ ಎನ್ನುವುದಿಲ್ಲ, ಹಾಗೆಯೇ ಇಂಗ್ಲಿಷಿನಲ್ಲಿ ಕಾಲವನ್ನು ‘ಡಿಡ್’ ತೋರಿಸಿದ ಮೇಲೆ ಕ್ರಿಯಾಪದವು ‘ಗೋ’ ಎಂಬ ಮೂಲರೂಪದಲ್ಲೇ ಉಳಿಯುತ್ತದೆ. ಪ್ರಶ್ನೆಗಳಿಗೂ ಇದೇ ನಿಯಮ. ‘ಮಾಡು’ ಎಂಬುದು ‘ಮಾಡಿದ’ ಆದರೂ ‘ಬರು’ ಎಂಬುದು ‘ಬಂದ’ ಆಗುವುದನ್ನು ನೆನಪಿಸಿದಾಗ ಅನಿಯಮಿತ ಕ್ರಿಯಾಪದಗಳ ಅಂಜಿಕೆಯೂ ಅರ್ಧ ಇಳಿಯುತ್ತದೆ. ಹೋದೆ, ಹೋದಳು, ಹೋದರು ಎಂದು ನಾವು ಬದಲಿಸುವ ಕಡೆಯೆಲ್ಲ ಇಂಗ್ಲಿಷಿಗೆ ‘ವೆಂಟ್’ ಒಂದೇ ಸಾಕು. ‘ವಾಸ್’, ‘ವರ್’ ಮಾತ್ರ ಇದಕ್ಕೆ ಹೊರತು.

ಉಚ್ಚಾರಣೆಯನ್ನೂ ಬಾಯಿಪಾಠದಲ್ಲಿ ಸರಿಯಾಗಿಯೇ ಹೇಳಿಕೊಡುತ್ತಾರೆ. ‘ವಾಕ್’ ಎಂಬುದು ‘ವಾಕ್ಟ್’, ‘ಪ್ಲೇ’ ಎಂಬುದು ‘ಪ್ಲೇಡ್’ ಆಗುತ್ತದೆ. ‘ವಾಂಟ್’, ‘ನೀಡ್’ಗಳಂತೆ ಕೊನೆಯಲ್ಲಿ ಟಕಾರ ಅಥವಾ ಡಕಾರದ ಧ್ವನಿಯಿದ್ದರೆ ಮಾತ್ರ ‘ಇಡ್’ ಎಂಬ ಹೊಸ ಉಚ್ಚಾರಾಂಶ ಸೇರುತ್ತದೆ. ಆದರೆ ಕೈಗೆ ಕೊಡುವ ಜೆರಾಕ್ಸ್ ನೋಟ್ಸಿನಲ್ಲಿ ಕನ್ನಡ ಲಿಪಿಯಲ್ಲಿ ‘ವಾಕೆಡ್’ ಎಂದೇ ಅಚ್ಚಾಗಿದೆ! ಮನೆಯಲ್ಲಿ ಓದುವವರು ಯಾವುದನ್ನು ನಂಬಬೇಕು?

ಕಾಗುಣಿತದ ಪುಟವೂ ಅರೆಬರೆಯಾಗಿದೆ. ‘ಸ್ಟಾಪ್’ನ ಕೊನೆಯ ಪಿ ಅಕ್ಷರ ಇಮ್ಮಡಿಯಾಗುತ್ತದೆ ಎಂದು ಬರೆದವರು, ಒಂದಕ್ಕಿಂತ ಹೆಚ್ಚು ಉಚ್ಚಾರಾಂಶಗಳಿರುವ ಪದಗಳಲ್ಲಿ ಒತ್ತು ಎಲ್ಲಿ ಬೀಳುತ್ತದೆಂಬುದನ್ನು ನೋಡಬೇಕೆಂದು ಹೇಳಿಲ್ಲ, ‘ಪ್ರಿಫರ್’ನಲ್ಲಿ ಒತ್ತು ಕೊನೆಗಿರುವುದರಿಂದ ಆರ್ ಇಮ್ಮಡಿಸುತ್ತದೆ, ‘ವಿಸಿಟ್’ನಲ್ಲಿ ಒತ್ತು ಮೊದಲಿಗಿರುವುದರಿಂದ ಟಿ ಒಂದೇ ಇರುತ್ತದೆ. ಅನಿಯಮಿತ ಕ್ರಿಯಾಪದಗಳನ್ನೂ ವರ್ಣಮಾಲೆಯ ಕ್ರಮದಲ್ಲಿ ಸುಮ್ಮನೆ ಸುರಿದಿದ್ದಾರೆ. ಬದಲಾಗದ ‘ಕಟ್’, ‘ಪುಟ್’, ‘ಹಿಟ್’ ಒಂದು ಕಡೆ, ‘ಸಿಂಗ್–ಸ್ಯಾಂಗ್’, ‘ಡ್ರಿಂಕ್–ಡ್ರ್ಯಾಂಕ್’ ಇನ್ನೊಂದು ಕಡೆ ಎಂದು ಗುಂಪು ಮಾಡಿದ್ದರೆ ಅವು ಬೇಗ ನೆನಪಿನಲ್ಲಿ ನಿಲ್ಲುತ್ತಿದ್ದವು. ಬರಹ ಬದಲಾಗದೆ ಉಚ್ಚಾರ ಮಾತ್ರ ‘ರೆಡ್’ ಆಗುವ ‘ರೀಡ್’ ಪಟ್ಟಿಯಲ್ಲೇ ಇಲ್ಲ.

ವ್ಯಾಕರಣದ ಬುಡ ಗಟ್ಟಿಯಾಗಬೇಕೆನ್ನುವವರು ಧಾರಾಳವಾಗಿ ಸೇರಬಹುದು. ತರಗತಿಯ ಶುಲ್ಕ ದುಬಾರಿಯೆನಿಸಲಿಲ್ಲ. ನೋಟ್ಸಿಗೆ ಬೇರೆ ಹಣ ಕೇಳುತ್ತಾರೆ; ಅದನ್ನು ತಿದ್ದಿಸುವವರೆಗೆ ಕೊಳ್ಳದೆ, ಹಲಗೆಯ ಮೇಲೆ ಬರೆದದ್ದನ್ನೇ ಪುಸ್ತಕಕ್ಕೆ ಇಳಿಸಿಕೊಳ್ಳುವುದು ಮೇಲು.