ಥಾರ್‌ಗೆ ಹಾಕಿಸಿದ ಸಾಫ್ಟ್ ಟಾಪ್: ಬಟ್ಟೆ ಪಾಸ್, ಕಿಟಕಿ ಫೇಲ್

ನನ್ನ ಮಹೀಂದ್ರಾ ಥಾರ್ ಜೀಪಿಗೆ ಹೊಸ ಸಾಫ್ಟ್ ಟಾಪ್, ಅಂದರೆ ಬಟ್ಟೆಯ ಮಾಡು, ಹಾಕಿಸಿದ್ದೇನೆ. ಅದರ ಬಟ್ಟೆಯ ಬಗ್ಗೆ ನನಗೆ ದೂರಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಓದುತ್ತಾ ಓದುತ್ತಾ ಈ ಮನುಷ್ಯನಿಗೆ ಏನೂ ಹಿಡಿಸಿಲ್ಲ ಅಂತ ನಿಮಗೆ ಅನ್ನಿಸಬಹುದು. ನನ್ನ ದೂರೆಲ್ಲ ಹಿಂದಿನ ಪ್ಲಾಸ್ಟಿಕ್ ಕಿಟಕಿಯ ಮೇಲೆ. ಅದರ ಮೇಲೆ ಮಾತ್ರ ಸಿಕ್ಕಾಪಟ್ಟೆ ಇದೆ.

ಗಾಡಿ ಹಳೆಯ ಥಾರ್. 2020ರ ಅಕ್ಟೋಬರಿನಲ್ಲಿ ಹೊಸ ಮಾಡೆಲ್ ಬರುವ ಮೊದಲಿನ ಸಿಆರ್‌ಡಿಇ ಡೀಸೆಲ್. ನಂಬರ್ ಪ್ಲೇಟ್ ಕೆಎಲ್ 14, ಅಂದರೆ ಕೇರಳದ ಕಾಸರಗೋಡು. ಮನೆ ಬದಿಯಡ್ಕದಿಂದ ಒಳಗೆ. ನಾನು ಕನ್ನಡ ಶಾಲೆಯ ಮಾಷ್ಟ್ರು, ಉಳಿದ ಹೊತ್ತು ಅಡಿಕೆ ತೋಟ. ಹಾಗಾಗಿ ಈ ಗಾಡಿ ಶಾಲೆಗೂ ಹೋಗುತ್ತದೆ, ಅಡಿಕೆ ಗೋಣಿ ಹೊತ್ತು ಪುತ್ತೂರಿಗೂ ಹೋಗುತ್ತದೆ, ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಬಿಡುವ ಮದ್ದಿನ ಮೈಲುತುತ್ತು, ಸುಣ್ಣ, ಡ್ರಮ್ಮು ಎಲ್ಲವನ್ನೂ ತೋಟಕ್ಕೆ ಇಳಿಸುತ್ತದೆ. ಭಾನುವಾರ ಕೆಸರಿನಲ್ಲಿ ಹಾರಿಸಿ ಫೋಟೋ ತೆಗೆಯುವವರ ವಿಮರ್ಶೆ ಬೇರೆ ಕಡೆ ಬೇಕಾದಷ್ಟು ಸಿಗುತ್ತದೆ. ಅದು ಬೇಕಾದವರು ಅಲ್ಲೇ ಓದಿ.

ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಾಗಲೇ ಅದರ ಟಾಪ್ ಮುಗಿದಿತ್ತು. ಹಿಂದಿನವರು ಎಲ್ಲೋ ಹೊಲಿಸಿ ಹಾಕಿಸಿದ್ದು. ಬಟ್ಟೆ ಗಟ್ಟಿಯಾಗಿಯೇ ಇತ್ತು, ನೂಲು ಮಾತ್ರ ಬಿಸಿಲು ತಿಂದು ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತಿತ್ತು. ಮಳೆ ಬಂದರೆ ಹೊಲಿಗೆಯ ಸಾಲಿನುದ್ದಕ್ಕೂ ಹನಿ.

"ಈ ಮಳೆಯ ಊರಲ್ಲಿ ಗಟ್ಟಿ ಮಾಡಿನ ಹಾರ್ಡ್ ಟಾಪ್ ಹಾಕಿಸುವುದು ಬಿಟ್ಟು ಮತ್ತೆ ಬಟ್ಟೆಯಾ?" ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದರು. ಪ್ರಶ್ನೆ ಸರಿಯೇ. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುತ್ತದೆ. ಆದರೆ ಗಾಡಿ ರಿಜಿಸ್ಟರ್ ಆಗಿರುವುದು ಸಾಫ್ಟ್ ಟಾಪ್ ಅಂತ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆ ಆಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. ರಸ್ತೆಯಲ್ಲಿ ನಿಲ್ಲಿಸಿದವರ ಮುಂದೆ ಈ ವಾದ ಮಾಡಲು ನನಗೆ ಪುರುಸೊತ್ತಿಲ್ಲ. ಇನ್ನೊಂದು ಕಾರಣ ದುಡ್ಡು. ನನ್ನ ಲೆಕ್ಕ 20 ಸಾವಿರದ ಒಳಗೆ. ಹಾರ್ಡ್ ಟಾಪಿನಷ್ಟು ದುಡ್ಡಿದ್ದರೆ ನಾನು ಮೊದಲು ತೋಟದ ಸ್ಪ್ರಿಂಕ್ಲರ್ ಪೈಪ್ ಬದಲಿಸುತ್ತೇನೆ.

ಬಟ್ಟೆಯಲ್ಲಿ ಸಿಗುವುದು ಮುಖ್ಯವಾಗಿ ಹತ್ತಿ ಕ್ಯಾನ್ವಾಸ್, ಅಕ್ರಿಲಿಕ್, ಮತ್ತೆ ಪಿವಿಸಿ ಲೇಪನ ಮಾಡಿದ ಪಾಲಿಯೆಸ್ಟರ್. ಕ್ಯಾನ್ವಾಸ್ ನೋಡಲು ಚಂದ. ಒದ್ದೆಯಾದಾಗ ನೂಲು ಉಬ್ಬಿ ನೇಯ್ಗೆಯ ಸಂದು ತಾನಾಗಿ ಮುಚ್ಚುತ್ತದೆ, ನೀರು ಸುಲಭಕ್ಕೆ ಒಳಗೆ ಇಳಿಯುವುದಿಲ್ಲ. ಆದರೆ ಒದ್ದೆಯಾದದ್ದು ಒಣಗಬೇಡವಾ? ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ನಮ್ಮಲ್ಲಿ ಪಂಚೆಯೇ ಒಣಗುವುದಿಲ್ಲ. ಹತ್ತಿಗೆ ಬೂಷ್ಟು ಹಿಡಿದರೆ ಅದು ಬಟ್ಟೆಯನ್ನೇ ತಿನ್ನುತ್ತದೆ. ಅಕ್ರಿಲಿಕ್‌ನಲ್ಲಿ ಬಣ್ಣ ನೂಲಿನ ಒಳಗೇ ಇರುತ್ತದೆ, ಹಾಗಾಗಿ ಬೇಗ ಮಾಸುವುದಿಲ್ಲ. ಒಳ್ಳೆಯ ವಸ್ತು, ಆದರೆ ನನ್ನ ಕಿಸೆಗೆ ಭಾರ. ಉಳಿದದ್ದು ಪಿವಿಸಿ. ಆನ್‌ಲೈನಿನಲ್ಲಿ ರೆಡಿಮೇಡ್ ಸೆಟ್ ತರಿಸಿದೆ. ಟಾಪ್, ಎರಡು ಬದಿಯ ಪರದೆ, ಹಿಂದಿನ ಪರದೆ, ಎಲ್ಲ ಸೇರಿ. ಬಣ್ಣ ಕಪ್ಪು. ಕಪ್ಪು ಬಣ್ಣಕ್ಕೆ ಸೇರಿಸುವ ಕಾರ್ಬನ್ ಬಿಸಿಲಿನಿಂದ ಪ್ಲಾಸ್ಟಿಕ್ಕನ್ನು ಕಾಪಾಡುತ್ತದೆ. ನಮ್ಮನ್ನು ಕಾಪಾಡುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದ ಗಾಡಿಗೆ ಹತ್ತಿದರೆ ಐದು ನಿಮಿಷ ಏಸಿಯೂ ಸೋಲುತ್ತದೆ.

ಕೂರಿಸುವವರಿಗೆ ಒಂದು ಮಾತು. ಪಿವಿಸಿ ತಂಪಲ್ಲಿ ಬಿಗಿಯುತ್ತದೆ, ಬಿಸಿಯಲ್ಲಿ ಸಡಿಲುತ್ತದೆ. ಪಾರ್ಸೆಲಿನಿಂದ ತೆಗೆದು ನೇರ ಎಳೆದರೆ ಟಿಚ್ ಬಟನ್ ಒಂದೂ ತನ್ನ ಜಾಗಕ್ಕೆ ಬರುವುದಿಲ್ಲ. ನಾನು ಮೇ ತಿಂಗಳ ಮಧ್ಯಾಹ್ನ ಅಂಗಳದಲ್ಲಿ, ಅಡಿಕೆ ಹರಡುವ ಜಾಗದಲ್ಲೇ, ಟಾಪನ್ನು ಬಿಡಿಸಿ ಹಾಕಿದ್ದೆ. ಮನೆಯವಳು ಹೊರಗೆ ಬಂದು ನೋಡಿ, "ಇದನ್ನೂ ಸುಲಿಯಲಿಕ್ಕುಂಟಾ?" ಅಂತ ಕೇಳಿದಳು. ಚೆನ್ನಾಗಿ ಕಾದ ಮೇಲೆ ಇಬ್ಬರೇ ಸೇರಿ ಪೈಪಿನ ಕಮಾನುಗಳ ಮೇಲೆ ಎಳೆದು ಕೂರಿಸಿದೆವು. ಮೇ ಕೊನೆಗೆ ಬರುವ ತುಳುವರ ಪತ್ತನಾಜೆಗೆ ಮುಂಚೆ ಈ ಕೆಲಸ ಮುಗಿಯಬೇಕು. ಆಮೇಲೆ ಬಿಸಿಲನ್ನು ನಂಬುವ ಹಾಗಿಲ್ಲ.

ಸದ್ದಿನ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಚುಟುಕಾಗಿ ಮುಗಿಸುತ್ತೇನೆ. ಚೆರ್ಕಳದ ತನಕ ಮಾತಾಡಬಹುದು. ಆರು ಪಥದ ಹೆದ್ದಾರಿ 66ಕ್ಕೆ ಹತ್ತಿ ವೇಗ ಏರಿಸಿದರೆ ಬದಿಯ ಪರದೆ ಪಟಪಟ ಅನ್ನುತ್ತದೆ, ಮಾತು ನಿಲ್ಲುತ್ತದೆ. ಕೆಲವರ ಜೊತೆ ಹೋಗುವಾಗ ಅದೂ ಒಂದು ಉಪಕಾರ.

ಆದರೆ ಒಳ ರಸ್ತೆಯಲ್ಲಿ ಇದೇ ಟಾಪ್ ಕೊಡುವ ಸುಖ ಬೇರೆ. ನಮ್ಮ ಕಡೆಯ ರಸ್ತೆಗಳು ನಿಮಗೆ ಗೊತ್ತಲ್ಲ, ಎರಡೂ ಬದಿ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ದರೆ, ನಡುವೆ ಒಂದೇ ಗಾಡಿ ಹೋಗುವಷ್ಟು ಜಾಗ, ಮುಂದೆ ಕುರುಡು ತಿರುವು. ಬದಿಯ ಪರದೆ ಎರಡನ್ನೂ ಸುತ್ತಿ ಮೇಲೆ ಕಟ್ಟಿದರೆ ಎದುರಿನ ಬಸ್ಸು ಕಣ್ಣಿಗೆ ಬೀಳುವ ಮುಂಚೆ ಕಿವಿಗೆ ಬೀಳುತ್ತದೆ. ಹಾರ್ನ್ ಹಾಕದ ಬೈಕಿನ ಹುಡುಗರು ಕೂಡ. ಪಾಣತ್ತೂರಿನಿಂದ ಕರಿಕೆ ದಾಟಿ ಭಾಗಮಂಡಲಕ್ಕೆ ಏರುವ ದಾರಿಯಲ್ಲಿ ಹೀಗೆ ಹೋಗಿದ್ದೇನೆ. ಕಾಡಿನ ತಂಪು, ಒದ್ದೆ ಎಲೆಯ ವಾಸನೆ, ತೊರೆಯ ಸದ್ದು ಎಲ್ಲ ನೇರ ಒಳಗೆ. ಕಾರಿನಲ್ಲಿ ಅದೇ ದಾರಿಯಲ್ಲಿ ಹೋದಾಗ ಇಷ್ಟು ನೀರಿನ ಸದ್ದು ಇರುವುದೇ ಗೊತ್ತಾಗಿರಲಿಲ್ಲ. ಗೋಣಿ ಹೇರುವುದಕ್ಕೂ ಬದಿಯಿಂದ ಸಲೀಸು. ಹಿಂದಿನ ಬಾಗಿಲಿನವರೆಗೆ ಸುತ್ತಿ ಹೋಗುವ ಕೆಲಸವೇ ಇಲ್ಲ.

ಮಳೆಗಾಲದಲ್ಲಿ ಬೆಳಿಗ್ಗೆ ಕಾಫಿ ಆದ ಕೂಡಲೇ ನನ್ನ ಮೊದಲ ಕೆಲಸ ಟಾಪಿನ ಹೊಟ್ಟೆ ನೋಡುವುದು. ಎರಡು ಕಮಾನುಗಳ ನಡುವೆ ಬಟ್ಟೆ ಸ್ವಲ್ಪ ಇಳಿದರೂ ಅಲ್ಲಿ ನೀರು ನಿಲ್ಲುತ್ತದೆ, ನೀರಿನ ಭಾರಕ್ಕೆ ಇನ್ನೂ ಇಳಿಯುತ್ತದೆ, ಮರುದಿನ ಇನ್ನೂ ಜಾಸ್ತಿ ನೀರು. ಒಳಗಿನಿಂದ ಹಿಡಿಸೂಡಿಯ ಹಿಂಬದಿಯಲ್ಲಿ ಮೆಲ್ಲ ಎತ್ತಿದರೆ ಬುಳಕ್ಕನೆ ಹೊರಗೆ ಚೆಲ್ಲುತ್ತದೆ. ಮಗಳು ಈ ಕೆಲಸಕ್ಕೆ ಜಗಳ ಮಾಡುತ್ತಾಳೆ, ಪಕ್ಕದಲ್ಲಿ ಬೆಕ್ಕು ನಿಂತಿದ್ದರೆ ಇನ್ನೂ ಖುಷಿ. ಈಗ ಅಂಗಳದ ಇಳಿಜಾರಿನಲ್ಲಿ ಗಾಡಿಯ ಮೂತಿ ಮೇಲಕ್ಕೆ ಮಾಡಿ ನಿಲ್ಲಿಸುತ್ತೇನೆ, ಮುಕ್ಕಾಲು ಪಾಲು ನೀರು ತಾನೇ ಹಿಂದಕ್ಕೆ ಹರಿದುಹೋಗುತ್ತದೆ. ಮಗಳಿಗೆ ಬೇಸರ.

ಮಳೆ ಬಿಟ್ಟ ಭಾನುವಾರ ಪರದೆಗಳನ್ನೆಲ್ಲ ಬಿಚ್ಚುವುದು, ಬಟ್ಟೆ ಒಗೆಯುವ ಮೆತ್ತಗಿನ ಬ್ರಷ್ ಮತ್ತು ಸ್ವಲ್ಪ ಸೋಪಿನ ನೀರಿನಲ್ಲಿ ತೊಳೆಯುವುದು, ಚಾವಡಿಯ ಅಡ್ಡ ಬಿದಿರಿಗೆ ನೇತುಹಾಕುವುದು. ಪಿವಿಸಿಗೆ ಬೂಷ್ಟು ಹಿಡಿಯುವುದು ಕಡಿಮೆ, ಆದರೆ ಅದರ ಮೇಲೆ ಕೂತ ಧೂಳಿಗೆ, ಅಡಿಕೆ ಸಿಪ್ಪೆಯ ಪುಡಿಗೆ ಹಿಡಿಯುತ್ತದೆ. ಬ್ಲೀಚ್ ಹಾಕಬೇಡಿ, ಹೊಲಿಗೆ ಹಾಳಾಗುತ್ತದೆ. ನೀರು ಬೆರೆಸಿದ ವಿನೆಗರ್ ಸಾಕು. ಜಿಪ್ಪಿನ ಹಲ್ಲಿಗೆ ಮೇಣದ ಬತ್ತಿ ಉಜ್ಜಿ ಎರಡು ಸಲ ಎಳೆದು ಬಿಟ್ಟರೆ ಬೆಣ್ಣೆ. ತೆಂಗಿನೆಣ್ಣೆ ಹಾಕಬೇಡಿ. ನಮ್ಮವರು ಎಲ್ಲದಕ್ಕೂ ತೆಂಗಿನೆಣ್ಣೆ ಹಾಕುತ್ತಾರೆ, ಆದರೆ ಕೆಂಪು ಧೂಳು ಅದಕ್ಕೆ ಅಂಟಿ ಜಿಪ್ ಕಚ್ಚಿಕೊಳ್ಳುತ್ತದೆ.

ಇನ್ನು ಆ ಕಿಟಕಿ.

ಹೊಸದರಲ್ಲಿ ಎಷ್ಟು ಚಂದ ಕಾಣುತ್ತಿತ್ತು! ಮೊದಲ ಮಳೆಗಾಲದಲ್ಲೇ ಅದು ಹಾಲಿನ ಬಣ್ಣಕ್ಕೆ ತಿರುಗಿತು. ಬಿಸಿಲು ಬಂದಾಗ ತಿಳಿಯಾಯಿತು. ಈ ಮೆತ್ತನೆ ಪಿವಿಸಿ ಹಾಳೆ ತೇವ ಹೀರಿ ಮಬ್ಬಾಗುತ್ತದೆ, ಒಣಗಿದರೆ ಸರಿಹೋಗುತ್ತದೆ, ಅಷ್ಟು ಗೊತ್ತಿತ್ತು. ಹಾಗಾಗಿ ಸುಮ್ನಿದ್ದೆ. ಮುಂದಿನ ಬೇಸಿಗೆ ಕಳೆಯುವಾಗ ಹಾಳೆ ಗಡುಸಾಯಿತು, ಅಂಚು ಹಳದಿಯಾಯಿತು. ಅದನ್ನು ಮೆತ್ತಗೆ ಇಡುವ ರಾಸಾಯನಿಕ ಬಿಸಿಲಿಗೆ, ಕಾವಿಗೆ ಹೋಗಿಬಿಟ್ಟರೆ ಉಳಿಯುವುದು ಒಣಕಲು ಪ್ಲಾಸ್ಟಿಕ್. ಆಮೇಲಿನ ಮಳೆಗಾಲದಲ್ಲಿ ಬಂದ ಮಬ್ಬು ಹೋಗಲೇ ಇಲ್ಲ. ಅಳೆದು ನೋಡಿದರೆ ಹಾಳೆ ಅರ್ಧ ಮಿಲಿಮೀಟರ್ ದಪ್ಪ. ಒಳ್ಳೆಯ ಟಾಪುಗಳಲ್ಲಿ ಮುಕ್ಕಾಲು ಮಿಲಿಮೀಟರ್ ಹಾಕುತ್ತಾರೆ. ಬಟ್ಟೆಯ ತೂಕ, ಪದರ, ಲೇಪನ ಎಲ್ಲ ದೊಡ್ಡ ಅಕ್ಷರದಲ್ಲಿ ಹಾಕಿದ ಮಾರಾಟಗಾರರು ಕಿಟಕಿಯ ದಪ್ಪದ ಬಗ್ಗೆ ಒಂದು ಅಕ್ಷರ ಹಾಕಿರಲಿಲ್ಲ.

ಹಗಲು ಹೇಗೋ ನಡೆಯುತ್ತದೆ, ಬದಿಯ ಕನ್ನಡಿಗಳಿವೆ. ರಾತ್ರಿ ಕಷ್ಟ. ಹಿಂದೆ ಒಂದು ಲಾರಿ ಬಂದರೆ ಅದರ ಲೈಟು ಇಡೀ ಕಿಟಕಿಯಲ್ಲಿ ಚದುರಿ ಬೆಳ್ಳಗಿನ ಗೋಡೆಯಾಗುತ್ತದೆ. ಲಾರಿ ಹತ್ತಿರವಿದೆಯಾ ದೂರವಿದೆಯಾ, ಒಂದಿದೆಯಾ ಎರಡಿದೆಯಾ, ಏನೂ ತಿಳಿಯುವುದಿಲ್ಲ. ರಿವರ್ಸ್ ತೆಗೆಯುವಾಗ ಮಗಳನ್ನು ಕೆಳಗಿಳಿಸಿ "ಬರಲಿ, ಬರಲಿ" ಅನ್ನಿಸಿಕೊಳ್ಳಬೇಕು. ಕಂಪನಿಗೆ ಬರೆದೆ. ಫೋಟೋ ಕೇಳಿದರು, ಕಳಿಸಿದೆ. ಇನ್ನೊಂದು ಕೋನದಿಂದ ಕೇಳಿದರು, ಕಳಿಸಿದೆ. ಕೊನೆಗೆ ಕಿಟಕಿಗೆ ವಾರಂಟಿ ಇಲ್ಲ, ಬಟ್ಟೆಗೆ ಮಾತ್ರ ಅಂದರು. ಅಷ್ಟು ಹೇಳಲು ಎರಡನೇ ಫೋಟೋ ಯಾಕೆ ಬೇಕಿತ್ತೋ! ಹಿಂದಿನ ಪರದೆ ಬಿಡಿಯಾಗಿ ಸಿಗುವುದಿಲ್ಲ, ಪೂರ್ತಿ ಸೆಟ್ ತೆಗೆಯಬೇಕಂತೆ. ಆ ದಿನ ಈ ವಿಮರ್ಶೆ ಬರೆದಿದ್ದರೆ ನಾಲ್ಕೇ ಸಾಲು ಇರುತ್ತಿತ್ತು. ನಾಲ್ಕೂ ಒಳ್ಳೆಯದಿರುತ್ತಿರಲಿಲ್ಲ.

ಗಾಡಿ ಉಳಿಸಿದ್ದು ಪೇಟೆಯ ಒಂದು ಕುಶನ್ ಅಂಗಡಿ. ರಿಕ್ಷಾದ ಹುಡ್, ಬಸ್ಸಿನ ಸೀಟು, ಮದುವೆ ಹಾಲಿನ ಕುರ್ಚಿ ಎಲ್ಲ ಹೊಲಿಯುವ ಬ್ಯಾರಿ ಕಾಕ ಒಬ್ಬರಿದ್ದಾರೆ. ಪರದೆಯನ್ನು ಬೆಳಕಿಗೆ ಹಿಡಿದು ನೋಡಿ ಅವರು ಕಿಟಕಿಗೆ ಕೈಯೇ ಹಾಕಲಿಲ್ಲ. ಮೊದಲು ಹೊಲಿಗೆಯನ್ನು ಉಗುರಿನಲ್ಲಿ ಕೆರೆದರು.

"ಬಟ್ಟೆ ಅಡ್ಡಿಲ್ಲ ಮಾಷ್ಟ್ರೇ. ನೂಲು ಇನ್ನೆರಡು ಮಳೆ ತಡೆಯಲಿಕ್ಕಿಲ್ಲ."

"ಕಿಟಕಿ ಮಾತ್ರ ಬದಲಿಸಲಿಕ್ಕೆ ಆಗ್ತದಾ ಕಾಕ?"

"ಆಗ್ತದೆ. ಆದರೆ ಇವರು ಮೇಲಿನ ಅಂಚನ್ನು ಒಳಗೆ ಕೊಟ್ಟಿದ್ದಾರೆ ನೋಡಿ. ನೀರು ನಿಲ್ಲುವುದು ಅಲ್ಲೇ. ಹಂಚಿನ ಹಾಗೆ ಇರಬೇಕು, ಮೇಲಿನದ್ದು ಕೆಳಗಿನದ್ದರ ಮೇಲೆ."

ಹಳೆಯ ಹಾಳೆಯನ್ನು ಕತ್ತರಿಸಿ, ದಪ್ಪ ಹಾಳೆ ಇಟ್ಟು, ಮೇಲಿನ ಅಂಚು ಹೊರಗೆ ಬರುವ ಹಾಗೆ ಎರಡು ಸಾಲು ಹೊಲಿದು ಕೊಟ್ಟರು. ನೂಲು ಒಳಗೆ ಪಾಲಿಯೆಸ್ಟರ್, ಹೊರಗೆ ಹತ್ತಿ ಸುತ್ತಿದ್ದು. ನೀರು ತಾಗಿದರೆ ಹತ್ತಿ ಉಬ್ಬಿ ಸೂಜಿಯ ತೂತನ್ನು ಮುಚ್ಚುತ್ತದೆ, ಬಲ ಪಾಲಿಯೆಸ್ಟರಿನದ್ದು. ಆಗಿನಿಂದ ಹಿಂದಿನ ಸೀಟು ಒದ್ದೆಯಾಗಿಲ್ಲ. ಕೂಲಿ ಹೊಸ ಸೆಟ್ಟಿನ ಬೆಲೆಯ ಹತ್ತಿರಕ್ಕೂ ಬರಲಿಲ್ಲ. ಕಿಟಕಿಯನ್ನು ಒಣ ಬಟ್ಟೆಯಲ್ಲಿ ಒರೆಸಲೇಬೇಡಿ ಅಂತ ಅವರೇ ಹೇಳಿದ್ದು. ಮುರಕಲ್ಲಿನ ಧೂಳು ಗೀರುತ್ತದೆ. ಮೊದಲು ನೀರು ಹೊಯ್ದು ಧೂಳು ಇಳಿಸಿ, ಆಮೇಲೆ ಮೆತ್ತಗಿನ ಬಟ್ಟೆ. ಮನೆಯ ಕಿಟಕಿ ಗ್ಲಾಸಿಗೆ ಹೊಡೆಯುವ ಅಮೋನಿಯಾದ ಸ್ಪ್ರೇ ಕೂಡ ಬೇಡ.

ಈಗ ಕಿಟಕಿಯಲ್ಲಿ ಲಾರಿ ಲಾರಿಯ ಹಾಗೇ ಕಾಣುತ್ತದೆ. ನನ್ನ ಸಿಟ್ಟೂ ಸುಮಾರು ಇಳಿದಿದೆ. ಬಟ್ಟೆಗೆ ಅಂಕ ಕೊಡುವುದಾದರೆ ಧಾರಾಳವಾಗಿ ಕೊಡುತ್ತೇನೆ. ಅದರ ಮೇಲೆ ಅಡಿಕೆಯ ಹಾಳೆ ಬಿದ್ದಿದೆ, ನವಿಲು ಕೂತು ಉಗುರು ಊರಿದೆ, ಏನೂ ಆಗಿಲ್ಲ. ಹೋಗದೆ ಉಳಿದದ್ದು ಗೇರುಹಣ್ಣಿನ ಕಲೆ ಮಾತ್ರ. ಅದು ಪರದೆಯ ಒಳಬದಿಯ ಬಟ್ಟೆಗೆ ತಾಗಿದ್ದು. ಮಾರ್ಚಿನಲ್ಲಿ ಪರದೆ ಸುತ್ತಿ ಗೇರು ಮರದ ಅಡಿಯಲ್ಲಿ ನಿಲ್ಲಿಸುವವರು ಯೋಚಿಸಿ.

ಹೊಸದಾಗಿ ಕೊಳ್ಳುವವರಿಗೆ ಹೇಳುವುದಾದರೆ, ಇದೇ ಸೆಟ್ ತೆಗೆಯಬಹುದು, ಆದರೆ ಮೊದಲ ದಿನವೇ ಹಿಂದಿನ ಕಿಟಕಿ ಬದಲಿಸುವ ಖರ್ಚನ್ನೂ ಬೆಲೆಗೆ ಸೇರಿಸಿ ನೋಡಿ. ಸೇರಿಸಿದ ಮೇಲೂ ಕಡಿಮೆ ಅನ್ನಿಸಿದರೆ ತೆಗೆದುಕೊಳ್ಳಿ. ಹತ್ತಿರದಲ್ಲಿ ಒಳ್ಳೆಯ ಕುಶನ್ ಅಂಗಡಿ ಇದ್ದವರು ರೆಡಿಮೇಡ್ ಬಿಟ್ಟು ಅಲ್ಲೇ ಅಳತೆ ಕೊಟ್ಟು ಹೊಲಿಸುವುದು ಇನ್ನೂ ಒಳ್ಳೆಯದು. ನನ್ನ ಮುಂದಿನ ಟಾಪ್ ಹಾಗೇ. ಕಾಕನಿಗೆ ಹೇಳಿ ಇಟ್ಟಿದ್ದೇನೆ. ಕೊಡುವುದಾದರೆ ಏಪ್ರಿಲಿನಲ್ಲೇ ಗಾಡಿ ತನ್ನಿ ಅಂದಿದ್ದಾರೆ, ಜೂನ್ ಹತ್ತಿರ ಬಂದರೆ ಅವರ ಅಂಗಡಿ ಮುಂದೆ ಪರದೆ ಹೊಲಿಸುವ ರಿಕ್ಷಾಗಳದ್ದೇ ಸಾಲು.