ಮೂಳೆ ಒಡೆದವರು ಯಾರು? ಕಣ್ಣು, ಗೋನಿಯೋಮೀಟರ್, ಕಂಪ್ಯೂಟರ್: ಹಾಸನದಲ್ಲಿ ಮಾಡಿ ನೋಡಿದ ಹೋಲಿಕೆ

ಉತ್ಖನನದಲ್ಲಿ ಸಿಗುವ ಪ್ರಾಣಿಮೂಳೆಗಳಲ್ಲಿ ಇಡಿಯಾಗಿ ಉಳಿದಿರುವುದು ಅಪರೂಪ. ಬಹುಪಾಲು ಚೂರುಗಳೇ. ಹಿಂದೆಲ್ಲ ಯಾವ ಪ್ರಾಣಿಯದು, ಯಾವ ಕಾಲಿನದು ಅಂತ ಹೇಳಲಾಗದ ಚೂರುಗಳನ್ನು 'ಗುರುತಿಸಲಾಗದ್ದು' ಅಂತ ಚೀಟಿ ಹಚ್ಚಿ ಚೀಲಕ್ಕೆ ತುಂಬಿ ಕಟ್ಟಿಬಿಡುತ್ತಿದ್ದರು. ಈಗ ಅದೇ ಚೂರುಗಳನ್ನು ಹರವಿಕೊಂಡು ಕೂತು ಕೇಳುವ ಪ್ರಶ್ನೆ ಬೇರೆ. ಇದನ್ನು ಒಡೆದವರು ಯಾರು? ಮಜ್ಜೆಗಾಗಿ ಕಲ್ಲಿನಿಂದ ಜಜ್ಜಿದ ಮನುಷ್ಯನೋ, ದವಡೆಯಲ್ಲಿ ಅಗಿದು ಮುರಿದ ಕತ್ತೆಕಿರುಬವೋ, ಇಲ್ಲ ಒಣಗಿ ಎಷ್ಟೋ ಕಾಲದ ಮೇಲೆ ಮಣ್ಣಿನ ಭಾರಕ್ಕೆ ತಾನಾಗಿ ಬಿರಿದದ್ದೋ? ತಾಂಜಾನಿಯಾದ ಓಲ್ಡುವಾಯಿ ಕಮರಿಯಲ್ಲಿ 1959ರಲ್ಲಿ ಪುರಾತತ್ವಜ್ಞೆ ಮೇರಿ ಲೀಕಿಗೆ ಆದಿಮಾನವನ ತಲೆಬುರುಡೆ ಸಿಕ್ಕ ಜಾಗದ ಮೂಳೆರಾಶಿಯ ಬಗ್ಗೆ ಈ ವಾದ ದಶಕಗಳಿಂದ ನಡೆದಿದೆ. ನಮ್ಮ ಪೂರ್ವಜರು ಮಾಂಸಕ್ಕೆ ಮೊದಲು ಕೈಹಾಕಿದವರೋ, ಬೇರೆ ಪ್ರಾಣಿ ತಿಂದು ಬಿಟ್ಟದ್ದನ್ನು ಹೆಕ್ಕಿದವರೋ ಅನ್ನುವುದು ಇಂಥ ಚೂರುಗಳನ್ನು ಹೇಗೆ ಓದುತ್ತೇವೆ ಅನ್ನುವುದರ ಮೇಲೂ ನಿಂತಿದೆ.

ನಾನು ಹಾಸನದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವನು, ಪುರಾತತ್ವದವನಲ್ಲ. ಪುರಾತತ್ವ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ಲೆಕ್ಕದ ಸಹಾಯಕ್ಕೆ ಬಂದಳು. ಒಡೆದ ಮೂಳೆಯನ್ನು ಓದಲು ಯಾವ ವಿಧಾನ ಒಳ್ಳೆಯದು ಅನ್ನುವುದು ಅವಳ ಪ್ರಶ್ನೆ. ಪುಸ್ತಕ ನೋಡಿ ಹೇಳುವ ಬದಲು ಮಾಡಿಯೇ ನೋಡೋಣ ಅಂತ ಕೂತೆವು.

ಈ ಕೆಲಸಕ್ಕೆ ನಮ್ಮ ಸೀಮೆ ಹೇಳಿ ಮಾಡಿಸಿದ್ದೇನಲ್ಲ. ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ತೋಟದವರು ಮಣ್ಣು ಹುಳಿಯಾಗಿದೆ ಅಂತ ಸುಣ್ಣ ಹಾಕುತ್ತಾರಲ್ಲ, ಅದೇ ಹುಳಿ, ಅದೇ ಮಳೆ ಸೇರಿ ಹೂತ ಮೂಳೆಯನ್ನು ಕರಗಿಸುತ್ತದೆ. ಮೂಳೆ ಚೆನ್ನಾಗಿ ಉಳಿದಿರುವುದು ಬಯಲುಸೀಮೆಯಲ್ಲಿ. ಸುರಪುರ ಸೀಮೆಯ ಬೂದಿಹಾಳದಂಥ ನವಶಿಲಾಯುಗದ ಬೂದಿದಿಬ್ಬಗಳಲ್ಲಿ (ಸಗಣಿ ಸುಟ್ಟ ಬೂದಿಯ ದಿಬ್ಬಗಳು) ದನದ ಮೂಳೆ ಧಾರಾಳವಾಗಿ ಸಿಕ್ಕಿದೆ; ಪುರಾತತ್ವಜ್ಞ ಪದ್ದಯ್ಯನವರ ಉತ್ಖನನದಲ್ಲಿ ಅಲ್ಲಿ ಪ್ರಾಣಿಗಳನ್ನು ಕಡಿದು ಹಂಚಿದ ನೆಲವೇ ಬೆಳಕಿಗೆ ಬಂತು. ನಮ್ಮ ಹುಡುಗರು ಮುಂದೆ ಕೆಲಸ ಮಾಡುವುದು ಆ ಕಡೆಯೇ. ಅಲ್ಲಿಗೆ ಹೋಗುವ ಮೊದಲು ಇಲ್ಲಿ ಕೈ ಪಳಗಬೇಕು.

ಹಾಗಾಗಿ ಮಟನ್ ಅಂಗಡಿ. ಯಾರು ಒಡೆದರು ಅಂತ ನಮಗೆ ಮೊದಲೇ ಗೊತ್ತಿರುವ ಮೂಳೆ ಇದ್ದರೆ ತಾನೇ ವಿಧಾನ ಸರಿ ಹೇಳುತ್ತದೋ ಇಲ್ಲವೋ ತಿಳಿಯುವುದು? ಕಾಲಿನ ನಲ್ಲಿಮೂಳೆ ಕಡಿಯದೆ ಇಡಿಯಾಗಿ ಕೊಡಿ ಅಂದಾಗ ಭಾಯ್ ಮಚ್ಚು ಕೊರಡಿನ ಮೇಲಿಟ್ಟು ನನ್ನನ್ನೇ ನೋಡಿದರು. "ಇಡೀ ಮೂಳೆ ಹಾಕಿದ್ರೆ ಸೂಪಿಗೆ ರಸ ಬಿಡಲ್ಲ ಸಾರ್." ಸೂಪಿಗಲ್ಲ, ಪಾಠಕ್ಕೆ ಅಂದೆ. ಅಲ್ಲಿಂದ ಮುಂದೆ ಅವರು ಏನೂ ಕೇಳಲಿಲ್ಲ, ಮೂಳೆಗೆ ಕಾಸೂ ತೆಗೆದುಕೊಳ್ಳಲಿಲ್ಲ. ಒಂದು ಪಾಲನ್ನು ಹಸಿಯಾಗಿದ್ದಾಗಲೇ ಗುಂಡುಕಲ್ಲಿನಿಂದ ಒಡೆದೆವು. ಒಂದು ಪಾಲು ಪರಿಚಯದವರ ತೋಟದ ನಾಯಿಗಳಿಗೆ. ಇನ್ನೊಂದು ಪಾಲನ್ನು ತಾರಸಿಯ ಬಿಸಿಲಲ್ಲಿ ತಿಂಗಳುಗಟ್ಟಲೆ ಒಣಗಿಸಿ ಆಮೇಲೆ ಒಡೆದೆವು. ಎಲ್ಲವನ್ನೂ ಬಟ್ಟೆ ಸೋಪಿನ ಪುಡಿ ಕಲಸಿದ ಬೆಚ್ಚನೆ ನೀರಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ್ದು ವಿದ್ಯಾರ್ಥಿನಿ. ವಾಸನೆಯ ವಿಚಾರ ಬಿಡಿ, ಮನೆಯಲ್ಲಿ ಇವತ್ತಿಗೂ ಮಾತು ಬರುತ್ತದೆ.

ಮೊದಲು ಕಣ್ಣಿನ ವಿಧಾನ. ವಿಲ್ಲಾ ಮತ್ತು ಮಹ್ಯೂ ಅನ್ನುವ ಸಂಶೋಧಕರು 1991ರಲ್ಲಿ ಹಸಿಮೂಳೆಯ ಮುರಿತಕ್ಕೂ ಒಣಮೂಳೆಯ ಮುರಿತಕ್ಕೂ ಇರುವ ವ್ಯತ್ಯಾಸ ವಿವರಿಸಿದ್ದರು. ಹಸಿಮೂಳೆ ಓರೆಯಾಗಿ, ಮೂಳೆಯ ಸುತ್ತ ಬಳಸಿಕೊಂಡು ಒಡೆಯುತ್ತದೆ, ಒಡೆದ ಮುಖ ನುಣುಪು. ಒಣಮೂಳೆ ಅಡ್ಡಡ್ಡ, ಲಂಬಕೋನಕ್ಕೆ ಹತ್ತಿರವಾಗಿ ಮುರಿಯುತ್ತದೆ, ಅಂಚು ತರಿತರಿ. 2001ರಲ್ಲಿ ಅಲನ್ ಔಟ್ರಮ್ ಇದನ್ನು ಅಂಕಪಟ್ಟಿ ಮಾಡಿದರು: ಕೋನ, ಅಂಚಿನ ಆಕಾರ, ಒಡೆದ ಮುಖದ ಒರಟುತನ, ಪ್ರತಿಯೊಂದಕ್ಕೂ 0ಯಿಂದ 2. ಒಟ್ಟು 0 ಬಂದರೆ ಹಸಿಯಾಗಿದ್ದಾಗಲೇ ಒಡೆದದ್ದು, 6 ಬಂದರೆ ಪೂರ್ತಿ ಒಣಗಿದ ಮೇಲೆ. ಖರ್ಚಿಲ್ಲ, ಕರೆಂಟ್ ಬೇಕಿಲ್ಲ, ಒಂದು ಲೆನ್ಸ್ ಇದ್ದರೆ ಆಯಿತು. ಗುರುತು ಮುಚ್ಚಿಟ್ಟು ನಾವಿಬ್ಬರೂ ಬೇರೆ ಬೇರೆಯಾಗಿ ಅಂಕ ಹಾಕಿದೆವು. ತೀರಾ ಹಸಿ, ತೀರಾ ಒಣ ಚೂರುಗಳಲ್ಲಿ ಜಗಳವೇ ಇಲ್ಲ. ನಡುವಿನವುಗಳಲ್ಲಿ, ಅದರಲ್ಲೂ ಒರಟುತನದ ಅಂಕದಲ್ಲಿ, ನನ್ನ 1 ಅವಳ 2 ಆಗುತ್ತಿತ್ತು. ಆದರೂ ಹಸಿಯೋ ಒಣವೋ ಅನ್ನುವ ಪ್ರಶ್ನೆಗೆ ಇದಕ್ಕಿಂತ ಬೇಗ ಉತ್ತರ ಕೊಟ್ಟ ವಿಧಾನ ನಮಗೆ ಸಿಗಲಿಲ್ಲ. ಕಲ್ಲೋ ಹಲ್ಲೋ ಅನ್ನುವುದನ್ನು ಮಾತ್ರ ಇದು ಹೇಳುವುದಿಲ್ಲ. ಎರಡೂ ಹಸಿಮೂಳೆಯನ್ನೇ ಒಡೆಯುವುದು ತಾನೇ.

ಆ ಪ್ರಶ್ನೆಗೇ ಕೋನ ಅಳೆಯುವುದು ಶುರುವಾದದ್ದು. ಕಲ್ಲಿನ ಏಟು ಒಮ್ಮೆಲೇ ಬೀಳುತ್ತದೆ, ದವಡೆ ನಿಧಾನವಾಗಿ ಒತ್ತುತ್ತದೆ. ಹಾಗಾಗಿ ಮೂಳೆಯ ಹೊರಮೈಗೂ ಒಡೆದ ಮುಖಕ್ಕೂ ನಡುವಿನ ಕೋನ ಕಲ್ಲೇಟಿನಲ್ಲಿ 90 ಡಿಗ್ರಿಯಿಂದ ಹೆಚ್ಚು ದೂರ ಸರಿಯುತ್ತದೆ, ದವಡೆಯಲ್ಲಿ 90ರ ಹತ್ತಿರ ಉಳಿಯುತ್ತದೆ ಅನ್ನುವುದು ವಾದ. ಎರಡರ ಕೋನಗಳೂ ಬಹಳಮಟ್ಟಿಗೆ ಒಂದರೊಳಗೊಂದು ಬೆರೆತಿರುತ್ತವೆ ಅನ್ನುವವರೂ ಇದ್ದಾರೆ.

ಗೋನಿಯೋಮೀಟರ್ ಅಂದರೆ ಎರಡು ಕಡ್ಡಿಯ ಕೋನಮಾಪಕ. ಸ್ಟೀಲಿನದರ ಬಗ್ಗೆ ಹೆಚ್ಚು ಹೇಳಲು ಏನಿಲ್ಲ. ಕುರಿಯ ನಲ್ಲಿಮೂಳೆಯ ಗೋಡೆ ಕೆಲವೇ ಮಿಲಿಮೀಟರ್ ದಪ್ಪ. ಒಂದು ಕಡ್ಡಿ ಹೊರಮೈ ಮೇಲೆ ಕೂರುತ್ತದೆ, ಅದೂ ಮೈ ದುಂಡಗಿರುವುದರಿಂದ ಅಲ್ಲಾಡುತ್ತ. ಇನ್ನೊಂದಕ್ಕೆ ಕೂರಲು ನೆಲೆಯೇ ಇಲ್ಲ. ಅದೇ ಚೂರನ್ನು ಬೆಳಗ್ಗೆ ಅಳೆದರೆ ಒಂದು, ಸಂಜೆ ಅಳೆದರೆ ಇನ್ನೊಂದು. ದನ, ಎಮ್ಮೆಯ ದಪ್ಪ ಮೂಳೆಗಾದರೆ ನಡೆದೀತು. ಕುರಿ, ಮೇಕೆಗೆ ಇದನ್ನು ಕೊಳ್ಳಬೇಡಿ.

ವರ್ಚುವಲ್ ಗೋನಿಯೋಮೀಟರ್ ಬೇರೆ ಜಾತಿಯದು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರದವರೂ ಗಣಿತದವರೂ ಸೇರಿ ಕಟ್ಟಿದ 'ಅಮೇಜ್' ಅನ್ನುವ ತಂಡ, ಕಟ್ರೀನಾ ಯೆಝಿ-ವುಡ್ಲಿ ಮೊದಲಾದವರು, 2021ರಲ್ಲಿ ಇದನ್ನು ಪ್ರಕಟಿಸಿದರು. ಮೂಳೆಯ ತ್ರೀಡಿ ಮಾದರಿಯ ಅಂಚಿನ ಮೇಲೆ ಒಂದು ಕಡೆ ಕ್ಲಿಕ್ ಮಾಡಿ, ಎಷ್ಟು ತ್ರಿಜ್ಯದ ಜಾಗ ಅಂತ ಹೇಳಿದರೆ, ಆ ಜಾಗದ ಮೇಲ್ಮೈ ಯಾವ ಯಾವ ಕಡೆಗೆ ಮುಖ ಮಾಡಿದೆ ಅಂತ ನೋಡಿ ಅದನ್ನು ಎರಡು ಪಾಲು ಮಾಡುತ್ತದೆ. ಪ್ರತಿ ಪಾಲಿಗೂ ಒಂದೊಂದು ಸಮತಲ ಹೊಂದಿಸಿ, ಎರಡರ ನಡುವಿನ ಕೋನ ಕೊಡುತ್ತದೆ. ತ್ರೀಡಿ ಮಾದರಿ ನೋಡುವ ಉಚಿತ ತಂತ್ರಾಂಶ ಮೆಶ್‌ಲ್ಯಾಬ್ ಒಳಗೇ ಇದನ್ನು ಸೇರಿಸಿಕೊಳ್ಳಬಹುದು. ಕಡ್ಡಿ ಕೂರುವ ಪ್ರಶ್ನೆಯೇ ಇಲ್ಲ. ಮುಖ್ಯ ಲಾಭ ಇನ್ನೊಂದು: ಅಂಚಿನುದ್ದಕ್ಕೂ ಕೋನ ಬದಲಾಗುತ್ತ ಹೋಗುತ್ತದೆ, ಇಲ್ಲಿ ಬೇಕಾದಷ್ಟು ಕಡೆ ಅಳೆಯಬಹುದು, ಎಲ್ಲಿ ಅಳೆದೆವು ಅನ್ನುವುದೂ ದಾಖಲಾಗುತ್ತದೆ. ಬೇರೆಯವರು ಅದೇ ಜಾಗಕ್ಕೆ ಹೋಗಿ ನೋಡಬಹುದು.

ತೊಂದರೆ ಇರುವುದು ಮಾದರಿ ಮಾಡುವುದರಲ್ಲಿ. ಅವರ ಹತ್ತಿರ ಸಿಟಿ ಸ್ಕ್ಯಾನರ್ ಇದೆ, ನಮ್ಮ ಹತ್ತಿರ ಫೋನ್. ಸುತ್ತಲೂ ಫೋಟೋ ತೆಗೆದು, ಫೋಟೋಗಳಿಂದ ತ್ರೀಡಿ ಮಾದರಿ ಕಟ್ಟುವ ತಂತ್ರಾಂಶ ಮೆಶ್‌ರೂಮ್‌ಗೆ ಹಾಕಿದೆವು. ಅದು ಪೂರ್ತಿ ಕೆಲಸ ಮಾಡಲು ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಬೇಕು. ಕಾಲೇಜಿನ ಲ್ಯಾಬಿನಲ್ಲಿ ಇಲ್ಲ, ಹುಡುಗನೊಬ್ಬನ ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಇತ್ತು. ಜಿಡ್ಡು ಬಿಡದ ಮೂಳೆ ಬೆಳಕಿಗೆ ಹೊಳೆಯುತ್ತದೆ, ಹೊಳೆದ ಕಡೆ ಮಾದರಿಯಲ್ಲಿ ಗುಂಡಿ ಬೀಳುತ್ತದೆ. ಟ್ಯೂಬ್‌ಲೈಟಿಗಿಂತ ನಮ್ಮ ಆಷಾಢದ ಮೋಡದ ಬೆಳಕೇ ವಾಸಿ, ನೆರಳೇ ಬೀಳುವುದಿಲ್ಲ. ಕೆಳಗೆ ಹಳೇ ಪೇಪರ್ ಹಾಸಿದರೆ ಅಕ್ಷರಗಳ ಆಧಾರದ ಮೇಲೆ ಫೋಟೋಗಳು ಬೇಗ ಹೊಂದಿಕೊಳ್ಳುತ್ತವೆ.

ಇಷ್ಟಾದರೂ ಒಂದು ಎಚ್ಚರ ಬೇಕು. ಫೋಟೋದಿಂದ ಮಾಡಿದ ಮಾದರಿಯಲ್ಲಿ ಚೂಪಾದ ಅಂಚು ಸ್ವಲ್ಪ ಮೊಂಡಾಗುತ್ತದೆ. ತ್ರಿಜ್ಯ ತೀರಾ ಚಿಕ್ಕದಿಟ್ಟರೆ ಆ ಮೊಂಡನ್ನೇ ಅಳೆದಂತಾಗಿ, ಲಘುಕೋನ ಇದ್ದದ್ದು ದೊಡ್ಡದಾಗಿ ಬರುತ್ತದೆ. ದೊಡ್ಡದಿಟ್ಟರೆ ಮೂಳೆಯ ದುಂಡಗಿನ ಮೈ ಒಳಗೆ ಸೇರಿಕೊಂಡು ಸಮತಲವೇ ವಾಲುತ್ತದೆ. ನಮ್ಮ ಒಂದು ಚೂರಿನಲ್ಲಿ ತ್ರಿಜ್ಯ ಬದಲಿಸಿದ್ದಕ್ಕೇ ಕೋನ ಐದಾರು ಡಿಗ್ರಿ ಆಚೀಚೆ ಆಯಿತು. ಆದರೆ ತ್ರಿಜ್ಯ ಒಂದೇ ಇಟ್ಟರೆ ಅವಳು ಅಳೆದದ್ದೂ ನಾನು ಅಳೆದದ್ದೂ ಹೆಚ್ಚುಕಡಿಮೆ ಒಂದೇ. ಸ್ಟೀಲಿನದರಲ್ಲಿ ಆ ಮಾತು ಹೇಳುವ ಹಾಗಿಲ್ಲ. ಬೂದಿಹಾಳದಂಥ ಕಡೆಯ ಮೂಳೆಗೆ ಒಂದೇ ಸಾಧನ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ, ತ್ರಿಜ್ಯ ಎಷ್ಟಿಟ್ಟೆ ಅಂತ ವರದಿಯಲ್ಲಿ ಬರೆಯುವ ಷರತ್ತಿನ ಮೇಲೆ.

ಇನ್ನು ಮಷೀನ್ ಲರ್ನಿಂಗ್. ನನ್ನ ಹುಡುಗರಿಗೆ ಆಸಕ್ತಿ ಇದ್ದದ್ದು ಇದೊಂದರಲ್ಲೇ. ಕೋನ, ಚೂರಿನ ಉದ್ದ, ಅಂಚುಗಳ ಸಂಖ್ಯೆ ಎಲ್ಲ ಹಾಕಿ 'ಕಲ್ಲು' 'ನಾಯಿ' ಅಂತ ಕಲಿಸಿ, ಹೊಸ ಚೂರು ಕೊಟ್ಟರೆ ಹೇಳುತ್ತದೆ. ಸಂಖ್ಯಾಶಾಸ್ತ್ರಕ್ಕೆ ಬಳಸುವ ಆರ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ರ‍್ಯಾಂಡಮ್ ಫಾರೆಸ್ಟ್ (ಹಲವು ನಿರ್ಧಾರವೃಕ್ಷಗಳ ಮತ ಕೂಡಿಸಿ ಉತ್ತರ ಹೇಳುವ ವಿಧಾನ) ಓಡಿಸಲು ಹೆಚ್ಚು ಹೊತ್ತೂ ಬೇಡ. ಮೂಳೆಯ ಗುರುತುಗಳ ಮೇಲೆ ಹೀಗೆ ಮಾಡಿ ತೀರಾ ಎತ್ತರದ ನಿಖರತೆ ತೋರಿಸಿದ ಪ್ರಬಂಧಗಳು ಬಂದಿವೆ. ಅವುಗಳಲ್ಲಿ ಕೆಲವು ಮಾದರಿ ಚಿಕ್ಕದು ಅಂತ ದತ್ತಾಂಶವನ್ನೇ ಮರುಮಾದರಿ ಮಾಡಿ, ಅಂದರೆ ಇದ್ದ ಚೂರುಗಳನ್ನೇ ಮತ್ತೆ ಮತ್ತೆ ಎತ್ತಿಕೊಂಡು ಹಿಗ್ಗಿಸಿ, ಆಮೇಲೆ ಕಲಿಕೆಗೆ ಒಂದು ಪಾಲು, ಪರೀಕ್ಷೆಗೆ ಒಂದು ಪಾಲು ಅಂತ ಭಾಗ ಮಾಡಿದ್ದವು. ಅಂದರೆ ಒಂದೇ ಚೂರಿನ ನಕಲು ಎರಡೂ ಕಡೆ. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕಿದ ಹುಡುಗನ ಅಂಕದಷ್ಟೇ ಇದಕ್ಕೂ ಬೆಲೆ. 2022ರಲ್ಲಿ ಅಮೇಜ್ ತಂಡ ಮತ್ತು ಬೇರೆಯಾಗಿ ಮೆಕ್‌ಫೆರನ್ ಮೊದಲಾದವರು ಇದನ್ನು ಎತ್ತಿ ತೋರಿಸಿದರು.

ನಾವು ಎರಡೂ ರೀತಿ ಓಡಿಸಿದೆವು. ಮೊದಲು ಹಿಗ್ಗಿಸಿ ಆಮೇಲೆ ಭಾಗ ಮಾಡಿದಾಗ ನಿಖರತೆ ನೋಡಿ ಹುಡುಗರು ಚಪ್ಪಾಳೆ ಹೊಡೆದರು. ಆಗ 'ಕಲ್ಲು' 'ನಾಯಿ' ಚೀಟಿಗಳನ್ನು ಬೇಕಂತಲೇ ಕಲಸಿ, ಯಾವ ಚೂರಿಗೋ ಯಾವ ಹೆಸರೋ ಕೊಟ್ಟು ಮತ್ತೆ ಓಡಿಸಲು ಹೇಳಿದೆ. ಈಗ ಕಲಿಯಲು ಅಲ್ಲಿ ಏನೂ ಇಲ್ಲ. ಆದರೂ ಅಂಕ ಚೆನ್ನಾಗಿಯೇ ಬಂತು! ಕೊಠಡಿ ಸುಮ್ಮನಾಯಿತು. ಆಮೇಲೆ ಒಂದು ಮೂಳೆಯ ಎಲ್ಲ ಚೂರುಗಳೂ ಒಂದೇ ಕಡೆ ಬರುವ ಹಾಗೆ ಭಾಗ ಮಾಡಿದೆವು. ಕಲಸಿದ ಚೀಟಿಗೆ ನಾಣ್ಯ ಚಿಮ್ಮಿದಷ್ಟೇ ನಿಖರತೆ, ಸರಿಯಾದ ಚೀಟಿಗೆ ಅದಕ್ಕಿಂತ ತುಸು ಮೇಲೆ, ಅಷ್ಟೇ. ನಮ್ಮ ಮೂಳೆ ಕೆಲವೇ, ನಾಯಿ ಕತ್ತೆಕಿರುಬವೂ ಅಲ್ಲ. ಇದರಿಂದ ವಿಧಾನವೇ ಸುಳ್ಳು ಅಂತ ಹೇಳಲು ಬಾರದು. ನಾನು ಹೇಳುವುದು ಇಷ್ಟೇ: ನಿಖರತೆಯ ಸಂಖ್ಯೆ ನೋಡುವ ಮೊದಲು ದತ್ತಾಂಶ ಹೇಗೆ ಭಾಗ ಮಾಡಿದರು ಅಂತ ಓದಿ. ಅದನ್ನು ಬರೆದಿಲ್ಲದಿದ್ದರೆ ಪ್ರಬಂಧವನ್ನು ಅಲ್ಲೇ ಮಡಚಿಡಿ.

ಅಂದಹಾಗೆ ನಾಯಿಗಳನ್ನು ಹಿಡಿಯಲು ಕೋನವೇ ಬೇಕಿರಲಿಲ್ಲ. ಅವು ಮೂಳೆಯ ಎರಡು ತುದಿಯ ಮೆದು ಭಾಗವನ್ನು ಅಗಿದು ತಿಂದು ನಡುವಿನ ಕೊಳವೆ ಬಿಟ್ಟಿದ್ದವು, ಮೇಲೆಲ್ಲ ಹಲ್ಲಿನ ಕುಳಿ. ಕಲ್ಲೇಟು ಬಿದ್ದ ಕಡೆ ಅಂಚಿನಲ್ಲಿ ಅರ್ಧಚಂದ್ರದ ಕಚ್ಚು, ಒಳಬದಿಗೆ ಅಗಲವಾದ ಚಕ್ಕೆ ಎದ್ದ ಗುರುತು. ಇವು ಕಂಡ ಚೂರಿಗೆ ಲೆಕ್ಕ ಬೇಡ. ಲೆಕ್ಕ ಬೇಕಾಗುವುದು ಇವು ಯಾವುದೂ ಇಲ್ಲದ ಬೋಳು ಚೂರಿಗೆ, ಮತ್ತು ಎಲ್ಲ ಕಡೆಯೂ ಅಂಥವೇ ಹೆಚ್ಚು.

ಚೂರುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವುದನ್ನೂ ನೋಡಿದೆವು. ಅಮೇಜ್ ತಂಡದ ಗಣಿತಜ್ಞ ಪೀಟರ್ ಓಲ್ವರ್, ಅಂಚಿನ ವಕ್ರತೆ ನೋಡಿಯೇ ಜಿಗ್‌ಸಾ ಒಗಟು ಬಿಡಿಸುವ ಗಣಿತ ಮಾಡಿದವರು. ನಮ್ಮ ಫೋನಿನ ಮಾದರಿಗಳ ಮೊಂಡು ಅಂಚಿಗೆ ಅಷ್ಟು ಸೂಕ್ಷ್ಮ ಲೆಕ್ಕ ನಡೆಯದು. ಕೈಯಲ್ಲಿ ಹಿಡಿದು ಜೋಡಿಸಿದ್ದೇ ಬೇಗ ಆಯಿತು.

ಮಾಡಿ ನೋಡುವವರು ಮೊದಲ ದಿನವೇ ಪ್ರತಿ ಚೂರಿನ ಮೇಲೂ ಅದು ಯಾವ ಮೂಳೆಯಿಂದ ಬಂತು ಅನ್ನುವ ಸಂಖ್ಯೆ ಬರೆಯಿರಿ. ಜಿಡ್ಡು ಪೂರ್ತಿ ಹೋದ ಮೇಲೆ, ಒಡೆದ ಮುಖ ಬಿಟ್ಟು ಒಳಬದಿಯಲ್ಲಿ, ಪೆನ್ಸಿಲಿನಿಂದ. ಮಾರ್ಕರ್ ಶಾಯಿ ಜಿಡ್ಡಿನ ಮೂಳೆಯಲ್ಲಿ ಹರಡಿಕೊಳ್ಳುತ್ತದೆ. ಆ ಸಂಖ್ಯೆ ಇಲ್ಲದಿದ್ದರೆ ಮೂಳೆಗೆ ಮೂಳೆ ಬೇರೆ ಮಾಡಿ ಪರೀಕ್ಷೆ ಮಾಡಲು ಆಮೇಲೆ ಯಾವ ತಂತ್ರಾಂಶಕ್ಕೂ ಸಾಧ್ಯವಿಲ್ಲ.